ಉಸಿರಾಡುವ ಬಂಡಸಾಲೆ

ತನ್ನ ಮನೆಯ ವಾಸನೆ ತನಗೆ ತಿಳಿಯುವುದಿಲ್ಲ ಎನ್ನುವುದು ದೇವರು ಮನುಷ್ಯನಿಗೆ ಮಾಡಿಕೊಟ್ಟ ದೊಡ್ಡ ಅನುಕೂಲ. ಇಲ್ಲದಿದ್ದರೆ ನಮ್ಮಂಥವರು ಸಂಸಾರ ಮಾಡುವುದುಂಟೇ? ನಮ್ಮದು ಅಜ್ಜನ ಕಾಲದಿಂದ ಒಣಮೀನಿನ ವ್ಯಾಪಾರ. ನಾನು ಹುಟ್ಟಿದ್ದು ಆಸ್ಪತ್ರೆಯಲ್ಲಾದರೂ ಬೆಳೆದದ್ದು ಮೀನಿನ ಚೀಲಗಳ ಮೇಲೆ. ಶಾಲೆಯಲ್ಲಿ ನನ್ನ ಪಕ್ಕ ಕೂರುವವರು ಆಗಾಗ ಜಾಗ ಬದಲಾಯಿಸುತ್ತಿದ್ದರು. ಅವರೆಲ್ಲ ಚಂಚಲ ಸ್ವಭಾವದವರು ಎಂದೇ ನಾನು ತಿಳಿದಿದ್ದೆ.

ಕುಂದಾಪುರದ ಹೊಳೆಬದಿಯಲ್ಲಿ ನಮ್ಮದೊಂದು ಬಂಡಸಾಲೆ ಇದೆ, ಅಂದರೆ ಸರಕು ತುಂಬಿಡುವ ಹಳೆಯ ಉಗ್ರಾಣ. ಪಕ್ಕದ ಕೋಡಿ ಕಡಲತೀರದ ಮರಳಿನಲ್ಲಿ ಒಣಗಿದ ಮೀನೆಲ್ಲ ಮೊದಲು ಅಲ್ಲಿಗೇ ಬರುತ್ತಿತ್ತು. ವ್ಯಾಪಾರ ಪೇಟೆಗೆ ಹೋದ ಮೇಲೆ ಅದರಲ್ಲಿ ಬಾವಲಿಗಳು ಬಾಡಿಗೆಯಿಲ್ಲದೆ ವಾಸವಾಗಿದ್ದವು. ಕೆಡವಿ ಕಾಂಪ್ಲೆಕ್ಸ್ ಕಟ್ಟೋಣ ಎಂದು ನಾನು ಹೊರಟರೆ ಮಗಳು ಪಲ್ಲವಿ ಅಡ್ಡ ನಿಂತಳು. ಮಂಗಳೂರಿನ ತನ್ನ ಆರ್ಕಿಟೆಕ್ಟ್ ಗೆಳತಿಯನ್ನು ಕರೆಸಿದಳು. ಆಕೆ ಕೆಂಪುಕಲ್ಲಿನ ಗೋಡೆಯನ್ನು ಡಾಕ್ಟರಂತೆ ತಟ್ಟಿ ನೋಡಿ, “ಅಂಕಲ್, ಇದನ್ನು ಸಮಾರಂಭದ ಹಾಲ್ ಮಾಡುವ. ಹಳೇ ಮರ, ಹಳೇ ಹಂಚು, ಸುಣ್ಣದ ಗಾರೆ ಎಲ್ಲ ಉಳಿಸುವ. ಸಿಮೆಂಟು ಬೇಡ, ಪೇಂಟು ಬೇಡ, ಹೊಳೆಗಾಳಿ ಇರುವಾಗ ಎಸಿಯೂ ಬೇಡ. ಈ ಗೋಡೆ ಉಸಿರಾಡ್ತದೆ,” ಎಂದಳು.

ನನ್ನ ಹೆಂಡತಿ ಸುಮತಿ ಮೆಲ್ಲಗೆ, “ಉಸ್ರಾಡುದ್ ಅಡ್ಡಿಲ್ಲೆ ಮಗಾ, ಬಾಯ್ ತೊಳ್ಕಂಡಿತಾ ಕಾಣ್,” ಎಂದಳು. ನಾವೆಲ್ಲ ನಕ್ಕೆವು. ನಗಬಾರದಿತ್ತು.

ಹಾಲ್ ಚೆಂದವಾಯಿತು. ಮೊದಲ ಸಮಾರಂಭ ಪಲ್ಲವಿಯದೇ ನಿಶ್ಚಿತಾರ್ಥ. ಹುಡುಗ ಬ್ರಹ್ಮಾವರದವನು, ಅವರದು ಹೋಟೆಲುಗಳು. ಹುಡುಗನ ತಂದೆ ಬಂದಾಗಲೆಲ್ಲ, “ನಮ್ದ್ ಮೊದ್ಲಿಂದ್ಲೂ ಗದ್ದೆ, ತೋಟ,” ಎನ್ನುತ್ತಿದ್ದರು. ನಾನೂ ಸೋಲಬಾರದೆಂದು ಬಾಗಿಲಿಗೆ ‘ಐತಿಹಾಸಿಕ ಉಗ್ರಾಣ’ ಎಂದಷ್ಟೇ ಬೋರ್ಡು ಬರೆಸಿದೆ. ಯಾವುದರ ಉಗ್ರಾಣ ಎಂದು ಇತಿಹಾಸಕ್ಕೆ ಬಿಟ್ಟೆ.

ನಿಶ್ಚಿತಾರ್ಥದ ಬೆಳಿಗ್ಗೆ ಮೊದಲ ಮಳೆ ಹೊಯ್ಯಿತು. ಗೋಡೆ ತಣ್ಣಗಾಗಿ ದೀರ್ಘವಾಗಿ ಉಸಿರು ಬಿಟ್ಟಿತು. ಹೂವಿನ ಅಲಂಕಾರಕ್ಕೆ ಬಂದವನು ಮೂಗಿಗೆ ಕರ್ಚೀಫು ಕಟ್ಟಿಕೊಂಡು, “ಹ್ವಾಯ್, ಒಳ್ಗೆ ಎಂತದೋ ಸತ್ತಿತ್ತ್ ಕಾಣಿ,” ಎಂದ. ಸತ್ತದ್ದು ನಿಜ, ಆದರೆ ಅಜ್ಜನ ಕಾಲದಲ್ಲಿ ಎಂದು ಅವನಿಗೆ ಹೇಗೆ ವಿವರಿಸಲಿ? ಬ್ರಹ್ಮಾವರದ ಹುಡುಗನ ಹೆಸರು ಹೇಳುವಾಗ ಪಲ್ಲವಿಯ ಮುಖ ಅರಳುವುದನ್ನು ಕಂಡವನು ನಾನು. ಗದ್ದೆ ತೋಟದ ಜನ ಮೂಗು ಮುಚ್ಚಿಕೊಂಡು ಎದ್ದು ಹೋದರೆ ಆ ಮುಖವನ್ನು ನಾನು ಹೇಗೆ ನೋಡಲಿ? ಊದುಬತ್ತಿ ಹಚ್ಚಿದೆ, ಲೋಬಾನದ ಹೊಗೆ ಹಾಕಿದೆ, ಪನ್ನೀರು ಚಿಮುಕಿಸಿದೆ. ಕೊನೆಗೆ ಒಣಮೀನಿಗೇ ಭಕ್ತಿಯಿಂದ ಪೂಜೆ ಮಾಡಿದ ಹಾಗಾಯಿತು.

ಗಂಡಿನ ಕಡೆಯವರು ಬಂದರು. ಹುಡುಗನ ತಂದೆ ಬಾಗಿಲಲ್ಲೇ ನಿಂತು ಒಮ್ಮೆ ಉಸಿರೆಳೆದು, ಒಳಬಂದು ಕೂತರು. ಅವರ ತಾಯಿ, ಹುಡುಗನ ಅಜ್ಜಿ, ಮಾತ್ರ ಕೂರಲಿಲ್ಲ. ನೆಟ್ಟಗೆ ಹೋಗಿ ಗೋಡೆಗೆ ಮೂಗು ತಾಗಿಸಿ ನಿಂತರು.

“ಇದ್ ಒಣ್ ಮೀನಿನ್ ಬಂಡಸಾಲಿ ಅಲ್ದಾ?”

ನಾನು, “ಹೌದ್ ಅಮ್ಮಾ, ಹಿಂದೆ...” ಎಂದು ತೊದಲಿದೆ.

“ನಮ್ದೂ ಹೀಂಗೇ ಇದ್ದಿತ್ತ್. ನಾನ್ ಮದಿ ಆಯಿ ಗಂಡನ್ ಮನಿಗೆ ಬಂದ್ ದಿನ ಇದೇ ಪರಿಮಳ.” ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಹುಡುಗನ ತಂದೆ ಕೆಮ್ಮಿ, “ಅಬ್ಬೇ, ಅದ್ ಈಗ ಎಂತಕ್ಕೆ?” ಎಂದರು.

“ಎಂತಕ್ಕೆ ಅಂದ್ರೆ? ನಿನ್ ಹೋಟ್ಲ್ ಎಂತದ್ರಿಂದ ಎದ್ದದ್ದ್? ಗದ್ದೆಯಿಂದ್ವಾ?”

ಹುಡುಗನ ತಂದೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಒಂದೇ ಮೀನನ್ನು ಬೇರೆ ಬೇರೆ ಚೀಲದಲ್ಲಿ ಬಚ್ಚಿಟ್ಟ ಇಬ್ಬರು ಸಿಕ್ಕಿಬಿದ್ದಿದ್ದೆವು. ಅವರಿಗೇ ಮೊದಲು ನಗು ಬಂತು. ಆಮೇಲೆ ನನಗೆ ತಡೆಯಲಾಗಲಿಲ್ಲ. ಆ ಗಳಿಗೆಯಲ್ಲಿ ಆ ಮನುಷ್ಯನ ಮೇಲೆ ಹುಟ್ಟಿದ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ.

ಅಜ್ಜಿಗೆ ನಿಜವಾದ ಸಿಟ್ಟು ಬಂದದ್ದು ಊಟಕ್ಕೆ ಕೂತಾಗ. “ಬೆಳಿಗ್ಗೆಯಿಂದ ಪರಿಮಳ ಕೊಟ್ಟ್, ಎಲಿಗೆ ಬಟಾಟಿ ಪಲ್ಯ ಹಾಕ್ತ್ರಿಯಾ?” ಎಂದು ಎಲ್ಲರೆದುರು ಕೇಳಿದರು. ಆಮೇಲೆ ಮದುವೆಯ ಬಗ್ಗೆ ಅಲ್ಲಿಯೇ ಅಪ್ಪಣೆಯಾಯಿತು: “ಮದಿ ಇಲ್ಲೇ ಆಯ್ಕ್. ಮಾರ್ನೇ ದಿನ ಒಣ್ ಚಟ್ಲಿ ಚಟ್ನಿ ಆಯ್ಕ್. ಈ ಪರಿಮಳ ಹೀಂಗೇ ಇರ್ಕ್.” ಚಟ್ಲಿಯೆಂದರೆ ನಮ್ಮ ಕಡೆ ಸಿಗಡಿ. ಅದೇನು ಮಹಾ, ತರಿಸಬಹುದು. ಪರಿಮಳವನ್ನು ಎಲ್ಲಿಂದ ತರಿಸುವುದು?

ಮುಹೂರ್ತ ಸಿಕ್ಕಿದ್ದು ಮರುವರ್ಷದ ಸುಡು ಬೇಸಿಗೆಯಲ್ಲಿ. ಗೋಡೆ ಒಣಗಿ ಖಡಕ್ಕಾಗಿತ್ತು, ಉಸಿರೇ ಇಲ್ಲ. ಆರ್ಕಿಟೆಕ್ಟ್‌ಗೆ ಫೋನು ಮಾಡಿ ಗೋಡೆಯಿಂದ ವಾಸನೆ ಬರುತ್ತಿಲ್ಲ ಎಂದೆ. “ತುಂಬಾ ಸಂತೋಷ ಅಂಕಲ್,” ಎಂದು ಆ ಹುಡುಗಿ ಫೋನಿಟ್ಟಳು. ಹೀಗಾಗಿ ಮದುವೆಯ ಹಿಂದಿನ ಸಂಜೆ ಬೀಗರು ಬ್ರಹ್ಮಾವರದಿಂದ ಮೊದಲೇ ಬಂದು, ಪಂಚೆ ಎತ್ತಿ ಕಟ್ಟಿ, ನನ್ನ ಜೊತೆ ಕೊಡಪಾನ ಹಿಡಿದು ನಿಂತರು. ಇಬ್ಬರೂ ಗೋಡೆಗೆ ನೀರು ಎರಚುವುದು, ಮೂಗು ತಾಗಿಸಿ ನೋಡುವುದು, ಮತ್ತೆ ಎರಚುವುದು.

ಮದರಂಗಿ ಹಚ್ಚಿದ ಕೈಗಳನ್ನು ಗಾಳಿಗೆ ಹಿಡಿದುಕೊಂಡು ಪಲ್ಲವಿ ಬಾಗಿಲಿಗೆ ಬಂದಳು. “ಅಪ್ಪಯ್ಯ, ಇದೆಂತ ಮಾಡ್ತ್ರಿ?”

“ಮನಿ ಮರ್ಯಾದಿ ಪ್ರಶ್ನೆ ಮಗಾ,” ಎಂದೆ. ಬೀಗರು ಇನ್ನೊಂದು ಕೊಡ ನೀರಿಗೆ ಹೊಳೆಯ ಕಡೆ ಓಡಿದರು.