ಸರ್ಕಾರ ಮಸ್ಕಿಗೆ ಹೋದ ದಿನ

ಕಾಲುವೆ ಕಾಯುವ ಗ್ಯಾಂಗ್‌ಮನ್ ಮೌಲಾಸಾಬ್ ತಂಗಿ ಮಗಳ ನಿಶ್ಚಯಕ್ಕೆಂದು ಮಸ್ಕಿಗೆ ಹೊರಟಾಗ ತೂಬಿನ ಕೀಲಿಕೈಯನ್ನು ಬಸವಲಿಂಗನ ಕೈಗೆ ಕೊಟ್ಟದ್ದೇ ತಪ್ಪಾಯಿತು. ವಳಕಮದಿನ್ನಿಯಲ್ಲಿ ಕಾಲುವೆ ನೀರು ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ತೀರ್ಮಾನಿಸುವವನು ಮೌಲಾಸಾಬ್; ಊರಿನ ಪಾಲಿಗೆ ಅವನೇ ಸರ್ಕಾರ. ಸರ್ಕಾರವೆಂಬುದೇ ಇರಬಾರದು ಎನ್ನುವವನು ಬಸವಲಿಂಗ. ಮೊಬೈಲಿನಲ್ಲಿ ಭಾಷಣ ಕೇಳಿ ಕೇಳಿ, ನಿಜಾಮನ ಕಾಲದಿಂದ ಜಿಎಸ್‌ಟಿವರೆಗೆ ಎಲ್ಲ ಅಧಿಕಾರವೂ ಮಂದಿಯ ಕುತ್ತಿಗೆಗೆ ಕಟ್ಟಿದ ಗುಂಡುಕಲ್ಲು ಎಂದು ಚಹಾದಂಗಡಿಯಲ್ಲಿ ವಾದಿಸುತ್ತಿದ್ದ. ಚಹಾ ಆರಿದರೂ ಮಾತು ಮುಗಿಯುತ್ತಿರಲಿಲ್ಲ.

"ಇವತ್ತು ಸರ್ಕಾರ ರಜಾ ಹಾಕೈತಿ!" ತೂಬಿನ ಮೇಲೆ ನಿಂತು ಸಾರಿದ. "ಯಾರ ಅಪ್ಪಣೀನೂ ಬ್ಯಾಡ. ಬೇಕಾದಷ್ಟು ನೀರು ನೀವ ತಗೊಳ್ರಿ."

ಅಷ್ಟಕ್ಕೇ ಸುಮ್ಮನಿರದೆ ತೂಬಿನ ಬೀಗ ತೆಗೆದು ಅದನ್ನು ಕಾಲುವೆಗೆ ಎಸೆದ. ಹೆಂಡತಿ ದಾನೇಶ್ವರಿ ಹಣೆ ಚಚ್ಚಿಕೊಂಡಳು.

"ನಮ್ಮ ಗದ್ದಿ ಕಟ್ಟಕಡೀಗೈತಿ, ನೆನಪೈತೇನ್ರಿ? ತೆನಿ ಕಟ್ಟೋ ಹೊತ್ತು. ಇವತ್ತು ನೀರು ಬರಲಿಲ್ಲಂದ್ರ ಎಲ್ಲಾ ಜೊಳ್ಳು!"

"ಸ್ವತಂತ್ರ ಮಂದಿ ಅನ್ಯಾಯ ಮಾಡಂಗಿಲ್ಲ ಬಿಡು."

ಸ್ವತಂತ್ರ ಮಂದಿಯಲ್ಲಿ ಮೊದಲಿಗರು ತೂಬಿನ ಪಕ್ಕದ ಗದ್ದೆಯ ಕರಿಬಸಯ್ಯನವರು. ಕಾಲುವೆಗೆ ಅಡ್ಡಲಾಗಿ ಮರಳಿನ ಚೀಲ ಒಟ್ಟಿ ನೀರನ್ನೆಲ್ಲ ತಮ್ಮ ಕಡೆ ತಿರುಗಿಸಿಕೊಂಡರು. ಬಸವಲಿಂಗ ಓಡಿಬಂದ.

"ಅಯ್ಯನವರ, ಇದೇನ್ರಿ?"

"ಕಾಲುವಿ ನನ್ನ ಹೊಲದಾಗ ಹಾದೈತಿ. ನನ್ನ ಆಸ್ತಿ, ನನ್ನ ಇಷ್ಟ ಅಂತ ಚಹಾದಂಗಡ್ಯಾಗ ನೀನ ಹೇಳಿದ್ದಿ. ಭಾಳ ಛಲೋ ಮಾತು!"

ಚೀಲದ ಸಂದಿಯಲ್ಲಿ ಜಿನುಗಿದ ನೀರಿಗೆ ನಡುವಿನ ಗದ್ದೆಯ ಜೋಗಮ್ಮ ಪಂಪು ಇಳಿಸಿದಳು. ಬಸವಲಿಂಗನ ಪಾಲಿಗೆ ಕೆಸರಿನ ಏಡಿಗಳಷ್ಟೇ ಉಳಿದವು.

ಜಗಳ ಬಿಡಿಸಲು ಮಧ್ಯಾಹ್ನ ಒಂದು ಕಮಿಟಿ ಆಯಿತು. ಕರಿಬಸಯ್ಯನವರೇ ಅಧ್ಯಕ್ಷರು. ಕೋಲು ಹಿಡಿದ ಕಾವಲುಗಾರನೂ ಬಂದ. ಚೀಲಗಳು ಇದ್ದಲ್ಲೇ ಇರತಕ್ಕದ್ದು ಎಂಬುದು ಮೊದಲ ಠರಾವು. "ಇದು ಜುಲುಮ್!" ಎಂದು ಬಸವಲಿಂಗ ಕೂಗಿದ. ಅಪ್ಪಣೆಯಿಲ್ಲದೆ ಮಾತಾಡಿದ್ದಕ್ಕೆ ಅವನಿಗೆ ದಂಡ ಹಾಕಿದರು. ಹಳೆಯ ಸರ್ಕಾರ ಆಗೊಮ್ಮೆ ಈಗೊಮ್ಮೆ ಮಸ್ಕಿಗಾದರೂ ಹೋಗುತ್ತಿತ್ತು. ಇದು ಎಲ್ಲಿಗೂ ಹೋಗುವಂತಿರಲಿಲ್ಲ.

ಬಸವಲಿಂಗ ಮರೆಗೆ ಹೋಗಿ ಮೌಲಾಸಾಬನಿಗೆ ಫೋನ್ ಹಚ್ಚಿದ. "ಕಾಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಬರ್ರಿ!"

ಹೊತ್ತು ಇಳಿಯುವಾಗ ಮೌಲಾಸಾಬ್ ಅತ್ತರಿನ ವಾಸನೆಯೊಂದಿಗೆ ಬೈಕಿನಿಂದ ಇಳಿದ.

"ಅಯ್ಯನವರ, ಚೀಲ ತೆಗೀರಿ," ಎಂದ. ದನಿ ಸಹ ಏರಿಸಲಿಲ್ಲ.

ಅಧ್ಯಕ್ಷರು ಗೊಣಗುತ್ತ ತೆಗೆದರು. ಜೋಗಮ್ಮನ ಪಂಪು ನಿಂತಿತು. ಕಟ್ಟಕಡೆಯ ಗದ್ದೆಗೆ ನೀರಿಳಿಯುವ ಸದ್ದು ಕೇಳಿ ಬಸವಲಿಂಗನಿಗೆ ಹೋದ ಜೀವ ಬಂದಂತಾಯಿತು. ದಾನೇಶ್ವರಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಅವನು ಎಲ್ಲರೆದುರಿಗೇ ಮೌಲಾಸಾಬನನ್ನು ತಬ್ಬಿಕೊಂಡ.

"ತಪ್ಪಾತು ಕಾಕಾ! ಸರ್ಕಾರ ಬೇಕ್ರಿ, ಬೇಕೇ ಬೇಕು!"

ಮೌಲಾಸಾಬ್ ಅವನ ಕಿವಿಯಲ್ಲಿ ಉಸುರಿದ. "ಎಲ್ಲಿ ಸರ್ಕಾರಲೇ? ಗುತ್ತಿಗಿ ಮುಗೀತಂತ ಇಲಾಖೆಯವ್ರು ನನ್ನ ಕೆಲಸದಿಂದ ತೆಗೆದು ವರ್ಷಾತು. ಸುಗ್ಗಿಯಾಗ ನೀವೆಲ್ಲಾ ಕೊಡೋ ನೆಲ್ಲೇ ನನ್ನ ಪಗಾರ. ನಾನಾಗಿ ತೂಬು ನೋಡಾಕತ್ತೀನಿ."

ಬಸವಲಿಂಗನ ಕಣ್ಣರಳಿತು. ವರ್ಷವಿಡೀ ಸರ್ಕಾರವಿಲ್ಲದೆಯೇ ಊರಿನ ನೀರು ನ್ಯಾಯವಾಗಿ ಹರಿದಿದೆ! ತಾನೇ ಗೆದ್ದಿದ್ದೇನೆ! ಸಾರಿಬಿಡಬೇಕೆಂದು ತೂಬು ಹತ್ತಿ ಬಾಯಿ ತೆರೆದ.

ಕೆಳಗೆ ಕರಿಬಸಯ್ಯನವರು ಸಲಿಕೆ ಹೆಗಲಿಗೇರಿಸುತ್ತ ಹೇಳುತ್ತಿದ್ದರು: "ಸರ್ಕಾರದ ಮನಷ್ಯಾ ಅಂತ ಅವನ ಮಾತು ಕೇಳೀನಿ. ಬ್ಯಾರೆ ಯಾವನರ ಆಗಿದ್ರ ಒಂದು ಹನಿ ಬಿಡ್ತಿದ್ದಿಲ್ಲ."

ಬಸವಲಿಂಗನ ಗೆಲುವು ಬಾಯಲ್ಲೇ ಬಿಸಿತುಪ್ಪವಾಯಿತು. ಅವನ ಗದ್ದೆ ಇನ್ನೂ ಅರ್ಧ ಮಾತ್ರ ತೊಯ್ದಿತ್ತು.

"ಸರ್ಕಾರಕ್ಕ ಜೈ!" ಎಂದು ಗಂಟಲು ಹರಿಯುವಂತೆ ಕೂಗಿದ.