ಎಂಟನೇ ಕಂಪ್ಯೂಟರಿನಲ್ಲಿ ನನ್ನ ಮಾವ

ಮೂರು ತಿಂಗಳು ಒಂದು ದಿನವೂ ತಪ್ಪದೆ ನೆಟ್‌ವರ್ಕಿಂಗ್ ಕ್ಲಾಸಿಗೆ ಬಂದು, ಆ ಕ್ಲಾಸಿನ ಕಂಪ್ಯೂಟರುಗಳು ಒಂದರ ಮುಖ ಒಂದು ನೋಡದ ಹಾಗೆ ಮಾಡಲು ಯಾರಿಂದಲಾದರೂ ಸಾಧ್ಯವೇ? ಸಾಧ್ಯ! ನನ್ನ ಸೋದರಮಾವ ಮಾಡಿ ತೋರಿಸಿದ್ದಾರೆ. ಅದೂ ಎಪ್ಪತ್ತೊಂದರ ಪ್ರಾಯದಲ್ಲಿ.

ಅವರ ಹೆಸರು ಮಾತ್ರ ಕೇಳಬೇಡಿ. ನಮ್ಮ ಮನೆಯಲ್ಲಿ ಮಾವನ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಅವರು ಕುಟುಂಬದ ಯಜಮಾನರು. ಪಂಜದಲ್ಲಿ ಕೂತು ಸುಳ್ಯದಿಂದ ಕಡಬದವರೆಗಿನ ನೆಂಟರ ಪಾಲುಪಟ್ಟಿ, ಮದುವೆ ಮಾತುಕತೆ, ಬೇಲಿ ತಕರಾರು ಎಲ್ಲ ತೀರ್ಮಾನಿಸಿದವರು. ಅಂಥವರು ಒಂದು ಸೋಮವಾರ ಬೆಳಿಗ್ಗೆ ದರ್ಬೆಯ ಬೇಕರಿಯ ಮೇಲಿನ ನಮ್ಮ ಕಂಪ್ಯೂಟರ್ ಸೆಂಟರಿನ ಮೆಟ್ಟಿಲು ಹತ್ತಿ ಬಂದು, ಕೊಡೆಯನ್ನು ಕಿಟಕಿಗೆ ಸಿಕ್ಕಿಸಿ, ಎಂಟನೇ ಕಂಪ್ಯೂಟರಿನ ಮುಂದೆ ಕೂತರು.

"ಮಾವಾ, ಎಂತ ಇಲ್ಲಿ?" ಎಂದೆ.

"ಸೇರಿದ್ದು. ಕೆಳಗೆ ರಶೀದಿ ಮಾಡಿಸಿ ಆಯ್ತು. ನೀನು ಪಾಠ ಶುರು ಮಾಡು."

"ನಿಮಗೆ ಎಂತಕ್ಕೆ ಇದೆಲ್ಲ?"

"ಉಳಿದವರನ್ನೂ ಹೀಗೆ ಕೇಳಿದಿಯಾ?"

ಕೇಳಿರಲಿಲ್ಲ. ಹಾಜರಿ ಪುಸ್ತಕ ತೆರೆದೆ.

ನನ್ನ ಪರಿಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಹನ್ನೊಂದು ವರ್ಷಗಳಿಂದ ನಾನು ಇದೇ ಕೋಣೆಯಲ್ಲಿ ಇದೇ ಪಾಠ ಮಾಡುತ್ತಿದ್ದೇನೆ. ಇದು ಕೇಬಲ್, ಇದು ಕೇಬಲುಗಳೆಲ್ಲ ಬಂದು ಸೇರುವ ಸ್ವಿಚ್, ಇದು ಅಡ್ರೆಸ್, ಇದು ಸರ್ವರ್. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಎಷ್ಟೋ ದಿನ ನಿದ್ದೆಯಲ್ಲೇ ಹೇಳಿದ್ದೇನೆ, ಮಕ್ಕಳಿಗೆ ಗೊತ್ತಾಗಲಿಲ್ಲ! ಸುಸ್ತು ಅಂದರೆ ಅಷ್ಟು ಸುಸ್ತು. ನಾನು ಓದಿದ್ದು ಬಿಕಾಂ. ಕಂಪ್ಯೂಟರು ಕಲಿತದ್ದು ಮದುವೆಯಾದ ಮೇಲೆ, ಪುಸ್ತಕ ನೋಡಿ, ತಂತಿ ಕಿತ್ತು, ಬೈಸಿಕೊಂಡು. ಇದನ್ನು ನಮ್ಮ ಸೆಂಟರಿನ ಧಣಿಗಳು ಆಗಾಗ ನೆನಪಿಸುತ್ತಾರೆ. ಈ ಬ್ಯಾಚಿಗೆ ಮೊದಲೂ ನೆನಪಿಸಿದ್ದರು.

"ಮೇಡಂ, ಹೋದ ಸಲ ಮೂರು ಜನ ಫೇಲು. ಈ ಸಲ ಒಬ್ಬ ಹೋದರೂ ಮುಂದಿನ ಬ್ಯಾಚಿಗೆ ಇಂಜಿನಿಯರಿಂಗ್ ಆದವರನ್ನು ನೋಡ್ಬೇಕಾಗ್ತದೆ. ಬೇಜಾರು ಮಾಡ್ಬೇಡಿ ಮಾರಾಯ್ರೆ."

ಬೇಜಾರು ಮಾಡಬಾರದಂತೆ! ಏಳು ಮಕ್ಕಳು ಸೇರಿದ್ದರು, ಏಳೂ ಚುರುಕು. ಈ ಸಲ ಬಚಾವಾದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಈ ಕೊಡೆ ಒಳಗೆ ಬಂತು.

ಮೊದಲ ತೊಂದರೆ ಹಾಜರಿಯಲ್ಲೇ ಶುರುವಾಯಿತು. ಏಳು ಹೆಸರು ಕರೆದೆ. ಎಂಟನೆಯದು ಬಾಯಿಯವರೆಗೆ ಬಂದು ನಿಂತಿತು. ಮಾವನ ಹೆಸರನ್ನು ನಾನು ಕೂಗುವುದುಂಟೇ? ಸರಿ, ಕೂಗಿದೆ ಎಂದೇ ಇಟ್ಟುಕೊಳ್ಳಿ. ಅವರು ಎದ್ದು ನಿಂತು ನನಗೆ "ಯೆಸ್ ಮೇಡಂ" ಎನ್ನುವುದುಂಟೇ? ಕೊನೆಗೆ ನಾನು ಪುಸ್ತಕ ನೋಡುತ್ತಾ ಎರಡು ಕ್ಷಣ ಸುಮ್ಮನಿರುವುದು, ಅವರು ಒಮ್ಮೆ ಕೆಮ್ಮುವುದು, ನಾನು ಗುರುತು ಹಾಕುವುದು ಎಂದು ತನ್ನಿಂದ ತಾನೇ ಒಪ್ಪಂದವಾಯಿತು. ನಡುವೆ ಒಂದು ವಾರ ಅವರಿಗೆ ನಿಜವಾಗಿ ಶೀತವಾಯಿತು. ಆ ವಾರ ನನ್ನ ಪುಸ್ತಕದ ಪ್ರಕಾರ ಅವರು ದಿನಕ್ಕೆ ಇಪ್ಪತ್ತು ಸಲ ಹಾಜರು!

ಪಾಠದಲ್ಲಿ 'ಪಿಂಗ್' ಎಂಬುದೊಂದು ಬರುತ್ತದೆ. ಒಂದು ಕಂಪ್ಯೂಟರು ಇನ್ನೊಂದನ್ನು "ಇದ್ದೀಯಾ?" ಎಂದು ಕರೆಯುವುದು, ಅದು "ಇದ್ದೇನೆ" ಎನ್ನುವುದು. ಇದನ್ನು ಅರ್ಥ ಮಾಡಿಸಲು ನನಗೆ ಯಾವಾಗಲೂ ಒಂದು ಗಂಟೆ ಬೇಕು. ಮಾವನಿಗೆ ಅರ್ಧ ನಿಮಿಷ ಸಾಕಾಯಿತು.

"ಕೂ ಹಾಕುದು," ಎಂದರು. "ಆಚೆ ಗುಡ್ಡೆಯ ಮನೆಯವರನ್ನು ಕರೆಯುವಾಗ ನಾವು ಕೂ ಹಾಕುದಿಲ್ವಾ? ಅದೇ."

ಮಕ್ಕಳಿಗೆ ತಕ್ಷಣ ತಿಳಿಯಿತು. ನನ್ನ ಹನ್ನೊಂದು ವರ್ಷದ ಒಂದೊಂದು ಗಂಟೆ ಎಲ್ಲಿ ಹೋಯಿತು ಎಂದು ನಾನು ಯೋಚಿಸುತ್ತಿದ್ದಾಗ ಮಾವ ತಕರಾರು ತೆಗೆದರು. "ಇದು ನಾಲ್ಕು ಸಲ ಯಾಕೆ ಕರೀತದೆ? ಮೂರು ಸಲಕ್ಕೆ ಓಗೊಡದವ ನಾಲ್ಕನೇ ಸಲಕ್ಕೆ ಕೊಡ್ತಾನಾ?" ಒಂದು ಕಂಪ್ಯೂಟರಿನಲ್ಲಿ ಹೊರಗಿನ ಕರೆ ತಡೆಯುವ ಫೈರ್‌ವಾಲ್ ಹಾಕಿದ್ದರಿಂದ ಉತ್ತರವೇ ಬರಲಿಲ್ಲ. ಕಾರಣವೇನೆಂದು ಕೇಳಿದೆ. "ಒಳಗೆ ಇದ್ದಾರೆ. ನಮ್ಮತ್ರ ಮಾತಾಡ್ಲಿಕ್ಕೆ ಮನಸ್ಸಿಲ್ಲ," ಎಂದರು. ಇದಕ್ಕಿಂತ ಸರಿಯಾದ ಉತ್ತರ ನನ್ನ ಪುಸ್ತಕದಲ್ಲೂ ಇಲ್ಲ.

ಇಷ್ಟು ಬುದ್ಧಿವಂತರಾದರೆ ಭಯವೇಕೆ ಎನ್ನುತ್ತೀರಾ? ತಾಳಿ. ಮುಂದಿನ ವಾರ ಅಡ್ರೆಸ್ ಬಂತು.

ಪ್ರತಿ ಕಂಪ್ಯೂಟರಿಗೂ ಅಡ್ರೆಸ್ ಅಂತ ಒಂದು ನಂಬರು ಬೇಕು. ಸರ್ವರ್ ಅದನ್ನು ತಾನಾಗಿಯೇ ಕೊಡುತ್ತದೆ, ಆದರೆ ಶಾಶ್ವತವಾಗಿ ಅಲ್ಲ, ಇಷ್ಟು ದಿನಕ್ಕೆ ಎಂದು ಗೇಣಿಗೆ ಕೊಟ್ಟ ಹಾಗೆ ಎಂದು ವಿವರಿಸಿದೆ. ಗೇಣಿ ಎಂಬ ಮಾತನ್ನು ಆ ಮನುಷ್ಯನ ಮುಂದೆ ಆಡಬಾರದಿತ್ತು. ಭೂಮಸೂದೆ ಬಂದಾಗ ಗೇಣಿಗೆ ಕೊಟ್ಟಿದ್ದ ಗದ್ದೆಗಳೆಲ್ಲ ಒಕ್ಕಲಿನವರಿಗೆ ಹೋದದ್ದನ್ನು ಕಣ್ಣಾರೆ ಕಂಡ ಮನೆ ನಮ್ಮದು.

"ಗೇಣಿಗೆ ಕೊಟ್ಟದ್ದು ವಾಪಸ್ ಬಂದದ್ದುಂಟಾ?" ಎಂದರು ಮಾವ. "ನಾಳೆ ಆ ಕಂಪ್ಯೂಟರು ನಂಬ್ರ ತನ್ನದೇ ಅಂತ ಡಿಕ್ಲರೇಶನ್ ಹಾಕಿದ್ರೆ ನಿನ್ನ ಸರ್ವರ್ ಎಂತ ಮಾಡ್ತದೆ?"

ಆ ದಿನದಿಂದ ಅವರು ಸರ್ವರಿನ ನಂಬರು ಮುಟ್ಟಲಿಲ್ಲ. ತಾವೇ ಕೈಯಾರೆ ಹಾಕಿದರು. ಹಾಕಿದ ಮರುಕ್ಷಣ ಪರದೆಯ ಮೇಲೆ ಎಚ್ಚರಿಕೆ ಬಂತು, ಪಕ್ಕದಲ್ಲಿದ್ದ ಜಾಲ್ಸೂರಿನ ಹುಡುಗಿ ಅಫ್ರೀನ "ಮೇಡಂ, ನನ್ನದು ಹೋಯ್ತು!" ಎಂದು ಕೂಗಿದಳು. ನೋಡಿದರೆ ಎರಡಕ್ಕೂ ಒಂದೇ ನಂಬರು!

"ಮಾವಾ, ಎರಡು ಕಂಪ್ಯೂಟರಿಗೆ ಒಂದೇ ನಂಬರು ಹಾಕ್ಲಿಕ್ಕಿಲ್ಲ."

"ಒಂದೇ ಮೇಜು. ಒಂದೇ ಸ್ವಿಚ್ಚಿನಿಂದ ತಂತಿ ಬಂದದ್ದು. ಅಂದ ಮೇಲೆ ಒಂದೇ ಮನೆ. ಪಾಲಾಗದ ಮನೆಗೆ ಎರಡು ನಂಬ್ರ ಯಾಕೆ?"

ಐವತ್ತು ವರ್ಷ ಪಾಲು ಮಾಡಿಸಿದವರ ವಾದ ಇದು! ನಾನೇ ಕೂತು ನಂಬರು ಬದಲಿಸಿದೆ. ಮರುದಿನ ಮತ್ತೆ ಅದೇ. ಅದರ ಮರುದಿನವೂ ಅದೇ. ಅಫ್ರೀನ ಪಾಪ, "ಅಜ್ಜ, ನಾವು ಇವತ್ತು ಬೇರೆ ಆಗುವನಾ?" ಎಂದು ದಿನಾ ಬೆಳಿಗ್ಗೆ ಗೋಗರೆಯುತ್ತಿದ್ದಳು. ಅಜ್ಜ, "ಜಗಳ ಇಲ್ಲದೆ ಯಾಕೆ ಬೇರೆ ಆಗುದು?" ಎನ್ನುತ್ತಿದ್ದರು. ಅವಳು ಒಂದು ದಿನ ಮೂರನೇ ಮೇಜಿಗೆ ಹೋಗಿ ಕೂತಳು. ಮಾವ ಇಡೀ ಬೆಳಿಗ್ಗೆ ಆ ಕಡೆ ತಿರುಗಿಯೂ ನೋಡಲಿಲ್ಲ.

ಸರ್ವರಿನ ಪಾಠವನ್ನು ಮಾತ್ರ ಅವರಿಗೆ ಕಲಿಸಬೇಕಾಗಲೇ ಇಲ್ಲ. ಎಲ್ಲರೂ ಬಂದು ಕೇಳಬೇಕು, ಕೊಡುವುದೋ ಬಿಡುವುದೋ ಒಬ್ಬನ ತೀರ್ಮಾನ. ಇದನ್ನೇ ಅಲ್ಲವೇ ಅವರು ಜೀವಮಾನವಿಡೀ ಮಾಡಿದ್ದು! ಬಳಕೆದಾರರ ಪಟ್ಟಿ ಮಾಡಿ ಎಂದರೆ ಇಡೀ ಕುಟುಂಬವನ್ನು ಬರೆದರು. ನನ್ನ ಅಮ್ಮನಿಗೆ 'ಓದಬಹುದು, ತಿದ್ದುವ ಹಾಗಿಲ್ಲ'. ಬಾವಂದಿರಿಗೂ ಅಷ್ಟೇ. ಪೂರ್ತಿ ಅಧಿಕಾರ ಯಾರಿಗೆ ಎಂದು ಬೇರೆ ಹೇಳಬೇಕಿಲ್ಲ.

ಪರೀಕ್ಷೆ ಹತ್ತಿರ ಬಂತು. ಧಣಿಗಳು ಎರಡು ಸಲ ಬಂದು ಎಂಟನೇ ಕಂಪ್ಯೂಟರನ್ನು ದಿಟ್ಟಿಸಿ ಹೋದರು. ಬೇಡಿಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ, ಆದರೂ ಮಾವನ ಹತ್ತಿರ ಕೂತು ಹೇಳಿದೆ. "ಮಾವಾ, ನೀವು ಫೇಲಾದರೆ ಈ ಕ್ಲಾಸು ನನ್ನ ಕೈತಪ್ಪುತ್ತದೆ. ಇಂಜಿನಿಯರಿಂಗ್ ಮಾಡಿದವರು ಬರ್ತಾರೆ. ಎರಡು ನಂಬರು ಹಾಕಿ. ನನಗೋಸ್ಕರ."

ಅವರು ಕನ್ನಡಕ ತೆಗೆದು ಒರೆಸಿ ಪುನಃ ಹಾಕಿಕೊಂಡರು.

ಪರೀಕ್ಷೆಗೆ ಹೊರಗಿನಿಂದ ಒಬ್ಬರು ಬಂದರು. ಎರಡು ಕಂಪ್ಯೂಟರು ಜೋಡಿಸಬೇಕು, ನಂಬರು ಹಾಕಬೇಕು, ಒಂದರಿಂದ ಇನ್ನೊಂದನ್ನು ಕರೆಯಬೇಕು. ಏಳು ಮಕ್ಕಳದ್ದು ಮುಗಿಯಿತು, ಏಳೂ ಪಾಸು. ಮಾವನ ಸರದಿ ಬಂದಾಗ ನಾನು ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದೆ. ಒಳಗೆ ಒಂದೊಂದೇ ಕೀಲಿ ಒತ್ತುವ ಸದ್ದು ಕೇಳುತ್ತಿತ್ತು. ಕೊನೆಗೆ ಪರೀಕ್ಷಕರ ಸ್ವರ ಕೇಳಿಸಿತು.

"ಎರಡಕ್ಕೂ ಬೇರೆ ಬೇರೆ ನಂಬರು ಯಾಕೆ ಕೊಟ್ರಿ?"

ನಾನು ಬಾಗಿಲಿಗೆ ಕಿವಿ ಕೊಟ್ಟೆ.

"ಪಾಲು ಮಾಡಿದೆ ಸಾರ್," ಎಂದರು ಮಾವ. "ಒಟ್ಟಿಗೆ ಇಟ್ರೆ ಎರಡಕ್ಕೂ ಉಸಿರು ಕಟ್ತದೆ. ಇನ್ನು ಮಾತಾಡ್ಲಿ, ನೋಡಿ."

ನಾಲ್ಕು ಕೂ, ನಾಲ್ಕು ಓ. ಎಲ್ಲರಿಗಿಂತ ಕಡಿಮೆ ಅಂಕ, ಆದರೂ ಪಾಸು! ಎಂಟಕ್ಕೆ ಎಂಟು. ಧಣಿಗಳು ಕೆಳಗಿಳಿದು ಎಲ್ಲರಿಗೂ ಬೇಕರಿಯಿಂದ ಪಫ್ಸ್ ತರಿಸಿದರು. ಮುಂದಿನ ಬ್ಯಾಚಿಗೂ ನಾನೇ ಎಂದರು. ನನಗೆ ಸಂತೋಷಪಡುವಷ್ಟು ತ್ರಾಣವೂ ಇರಲಿಲ್ಲ.

ಪಂಜದ ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆ ಬದಿಯ ಹೋಟೆಲಿನಲ್ಲಿ ಮಾವ ಎರಡು ಚಾ ಹೇಳಿದರು. ನಾನು ಪುನಃ ಕೇಳಿದೆ. "ಇನ್ನಾದರೂ ಹೇಳಿ ಮಾವಾ. ಈ ಪ್ರಾಯದಲ್ಲಿ ಇದು ನಿಮಗೆ ಎಂತಕ್ಕೆ ಬೇಕಿತ್ತು?"

ಅವರು ಚಾ ಲೋಟ ಕೆಳಗಿಟ್ಟರು.

"ನೀನು ಪಿಯುಸಿ ಮುಗಿಸಿದ ವರ್ಷ ನಿನಗೆ ಕಂಪ್ಯೂಟರ್ ಇಂಜಿನಿಯರಿಂಗ್ ಸೀಟು ಬಂದಿತ್ತಲ್ಲ. ನಿನ್ನಮ್ಮ ಕೇಳ್ಲಿಕ್ಕೆ ಬಂದಾಗ ನಾನು ಬೇಡ ಹೇಳಿದೆ."

ನಿಮಗೆ ಇಷ್ಟು ಹೊತ್ತು ನಾನು ಇದನ್ನು ಹೇಳಲಿಲ್ಲ. ನಗಿಸುವ ಕಥೆಯಲ್ಲಿ ಯಾಕೆಂದು ಬಿಟ್ಟಿದ್ದೆ. ಅಂದು ಅವರು ಹೇಳಿದ್ದು ಅದೊಂದೇ ಶಬ್ದ. ಮನೆಯಲ್ಲಿ ಯಾರೂ ಎದುರಾಡಲಿಲ್ಲ, ನಾನೂ ಆಡಲಿಲ್ಲ. ಬಿಕಾಂಗೆ ಸೇರಿದೆ. ಆ ಮೇಲೆ ಇಪ್ಪತ್ತೆರಡು ವರ್ಷ ನಮ್ಮಿಬ್ಬರ ನಡುವೆ ಆ ಮಾತು ಬಂದದ್ದಿಲ್ಲ. ಕೋಪ ಇರಲಿಲ್ಲವೇ? ಇತ್ತು. ತುಂಬಾ ಇತ್ತು.

"ಬೇಡ ಹೇಳಿದ್ದು ಎಂತದ್ದನ್ನು ಅಂತ ನನಗೇ ಗೊತ್ತಿರ್ಲಿಲ್ಲ," ಎಂದರು ಮಾವ. "ಸಾಯುವ ಮೊದಲು ಒಮ್ಮೆ ನೋಡುವ ಅಂತ ಬಂದೆ. ಕಷ್ಟ ಉಂಟು ಮಗಾ. ನನಗೆ ಆಗುದಲ್ಲ. ಆದರೆ ನಿನಗೆ ಆಗ್ತಿತ್ತು."

ನನಗೆ ಅಳು ಬಂತು. ಹೋಟೆಲಿನಲ್ಲಿ ಜನ ಇದ್ದರು, ಆದರೂ ಬಂತು. "ಅದನ್ನು ಅಂದೇ ಹೇಳಬಹುದಿತ್ತಲ್ಲ ಮಾವಾ," ಎಂದೆ.

"ಅಂದು ಎಲ್ಲಿ ಗೊತ್ತಿತ್ತು?" ಎಂದರು. "ನೀನು ಕಲಿಸಿದ ಮೇಲೆ ಅಲ್ವಾ ಗೊತ್ತಾದದ್ದು."