ಇಪ್ಪತ್ತೆಂಟು ಪೊಟ್ಟಣ ಹಾವಸೆ

ಬೆರಳಚ್ಚಿನಲ್ಲಿ ನನ್ನನ್ನು ಮೀರಿಸುವವರು ನಾನು ಟೈಪಿಸ್ಟಾಗಿದ್ದ ಫ್ಯಾಕ್ಟರಿಯಲ್ಲಿರಲಿ, ಇಡೀ ಪೀಣ್ಯದಲ್ಲೇ ಇಲ್ಲವೆಂಬುದು ಆಗ ನನ್ನ ದೃಢವಾದ ನಂಬಿಕೆ. ಹಾಗಾಗಿ ನನ್ನ ಹೆಂಡತಿ ಸರೋಜ, "ರೀ, ಈ ಚೀಟಿಗಳನ್ನ ನೀಟಾಗಿ ಟೈಪ್ ಮಾಡ್ಕೊಡ್ತೀರಾ?" ಎಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ.

ಸರೋಜ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಮಳೆಗಾಲವೆಲ್ಲ ಅಲೆದು ಒಂದೇ ಜಾತಿಯ ಹಾವಸೆಯನ್ನು ಕೂಡಿಹಾಕಿದ್ದಳು. ಹಾವಸೆ ಎಂದರೆ ಹಳೇ ಗೋಡೆಯ ಮೇಲೆ ಮಖಮಲ್ಲಿನಂತೆ ಹಬ್ಬುವ ಹಸಿರು. ನಾವೆಲ್ಲ ಪಾಚಿ ಎಂದು ಬೈದು ಕೆರೆಯುವುದು ಅದನ್ನೇ. ಹೂಡಿ ಕೆರೆಯ ಕೋಡಿ, ಹೆಬ್ಬಗೋಡಿಯ ಮೋರಿ, ಲಗ್ಗೆರೆಯಲ್ಲಿ ನಮ್ಮ ಮನೆ ಮಾಲೀಕರ ಬಾವಿ, ಹೀಗೆ ಒಟ್ಟು ಇಪ್ಪತ್ತೆಂಟು ಜಾಗದ್ದು ಇಪ್ಪತ್ತೆಂಟು ಕಾಗದದ ಪೊಟ್ಟಣ. ಪ್ರತಿಯೊಂದರೊಳಗೂ ಒಂದು ಚೀಟಿ: ಸಿಕ್ಕಿದ ಜಾಗ, ದಿನ, ಕಲ್ಲೋ ಮಣ್ಣೋ. ಸೋಮವಾರ ಎಲ್ಲವನ್ನೂ ಕಾಲೇಜಿನ ಸಸ್ಯಸಂಗ್ರಹಕ್ಕೆ ಒಪ್ಪಿಸಬೇಕಿತ್ತು.

ಭಾನುವಾರ ಅವಳು ಅಕ್ಕನ ಮನೆಗೆ ಹೋದಳು. ನಾನು ಕಾರ್ಯಪ್ರವೃತ್ತನಾದೆ. ಇಪ್ಪತ್ತೆಂಟೂ ಪೊಟ್ಟಣ ಬಿಚ್ಚಿ ಚೀಟಿಗಳನ್ನು ಒಂದು ಕಡೆ ಪೇರಿಸಿದೆ. ಪಾಪ, ಹಾವಸೆ ಒಣಗಿಹೋಗಿತ್ತು. ಎಲ್ಲವನ್ನೂ ಮೊರಕ್ಕೆ ಸುರಿದು ನೀರು ಚಿಮುಕಿಸಿದೆ! ನಳನಳಿಸಿತು. ಚೀಟಿಗಳನ್ನು ಒಂದೇ ಒಂದು ತಪ್ಪಿಲ್ಲದೆ ಟೈಪ್ ಮಾಡಿ, ಹಾವಸೆಯನ್ನು ಸಮನಾಗಿ ಇಪ್ಪತ್ತೆಂಟು ಪಾಲು ಮಾಡಿ ಮತ್ತೆ ಕಟ್ಟಿದೆ.

ಸಂಜೆ ಸರೋಜ ಒಂದು ಪೊಟ್ಟಣ ಬಿಚ್ಚಿದವಳೇ ಬೆಚ್ಚಿದಳು.

"ಇದ್ರಲ್ಲಿ ಯಾವುದು ಯಾವ ಊರಿಂದು?"

"ಎಲ್ಲಾ ಒಂದೇ ಜಾತಿ ಅಂದಿದ್ಯಲ್ಲೇ!"

"ಅದಕ್ಕೇ ಕಣ್ರೀ ಊರು ಮುಖ್ಯ!"

ಅವಳು ನೆಲದ ಮೇಲೆ ಕುಸಿದು ಕೂತಳು. ಕಣ್ಣಲ್ಲಿ ನೀರು. ನನಗೆ ನಿಜವಾಗಿ ಭಯವಾದದ್ದು ಆಗಲೇ.

"ಹಾಗೇ ಕೊಟ್ಬಿಡು. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ! ಸುಳ್ಳು ಬರೆಯೋಕೆ ಇದೇನು ನಿಮ್ಮ ಫ್ಯಾಕ್ಟರಿ ರಜಾ ಚೀಟಿನಾ?"

ಪ್ರಾಯಶ್ಚಿತ್ತವು ಕೂಡಲೇ ಆರಂಭವಾಗತಕ್ಕದ್ದೆಂದು ನಿರ್ಣಯಿಸಿ, ಚಮಚ ಹಿಡಿದು ಮಾಲೀಕರ ಬಾವಿಯ ಮೆಟ್ಟಿಲಿಳಿದೆ. ಎರಡು ಮೆಟ್ಟಿಲು ನಡೆದೇ ಇಳಿದೆ. ಮೂರರಿಂದ ಒಂಬತ್ತರವರೆಗೆ ಕೂತುಕೊಂಡು!

ಸದ್ದು ಕೇಳಿ ಮಾಲೀಕ ಮುನಿಯಪ್ಪ ಹಗ್ಗ ಹಿಡಿದು ಓಡಿಬಂದರು. "ಅಯ್ಯೋ ಸಾಮಿ, ಎಂಡ್ತಿ ಬೈದ್ಲು ಅಂತ ಬಾವಿಗ್ ಬೀಳ್ತಾರಾ?"

"ಇಲ್ಲ ಮುನಿಯಪ್ಪನೋರೇ, ಪಾಚಿ ಬೇಕಾಗಿತ್ತು."

ಅವರು ನನ್ನ ಚಮಚವನ್ನೇ ನೋಡಿದರು. "ಪಾಚಿ ತಿನ್ನೋ ಅಂತಾದ್ದು ಏನ್ ಬಂತು ಸಾಮಿ? ನಮ್ಮನೇಲಿ ಮುದ್ದೆ ಐತೆ, ಬನ್ನಿ."

ಅಷ್ಟರಲ್ಲಿ ಸರೋಜ ಬಂದು, "ಅಲ್ಲಾಡ್ಬೇಡಿ!" ಎಂದು ಕೂಗಿದಳು. ಸೊಂಟ ಮುರಿದೀತೆಂಬ ಕಾಳಜಿ ಎಂದುಕೊಂಡು ಹಿಗ್ಗಿದೆ. ಅವಳು ಭೂತಗನ್ನಡಿ ಹಿಡಿದು ನನ್ನ ಪ್ಯಾಂಟಿನ ಹಿಂಭಾಗಕ್ಕೆ ಅಂಟಿದ್ದ ಹಾವಸೆಯನ್ನು ಪರೀಕ್ಷಿಸುತ್ತಿದ್ದಳು! ಚಾಕುವಿನಿಂದ ಮೆಲ್ಲಗೆ ಕೆರೆದು ಪೊಟ್ಟಣ ಕಟ್ಟಿದಳು.

ಕಾಲೇಜಿನವರು ಎರಡು ತಿಂಗಳು ಗಡುವು ಕೊಟ್ಟರು. ಪ್ರತಿ ಭಾನುವಾರ ಕುಂಟುತ್ತ, ಚೀಲ ಹೊತ್ತು, ಅವಳ ಹಿಂದೆ ಬಸ್ಸು ಹತ್ತಿ ಇಳಿದೆ. ಇಪ್ಪತ್ತೇಳು ಜಾಗದಿಂದ ಮತ್ತೆ ಹಾವಸೆ ತಂದೆವು. ಚೀಟಿಗಳನ್ನೆಲ್ಲ ಅವಳೇ ಕೈಯಾರೆ ಬರೆದಳು.

ಒಪ್ಪಿಸುವ ಹಿಂದಿನ ದಿನ ನಾನು ಗಂಟಲು ಸರಿಮಾಡಿಕೊಂಡು, "ಸಂಗ್ರಹಿಸಿದವರು ಅನ್ನೋ ಕಡೆ ನನ್ನ ಹೆಸರೂ ಹಾಕ್ಬಹುದಲ್ವಾ?" ಎಂದೆ.

ಸರೋಜ ಪೆನ್ನು ಕೆಳಗಿಟ್ಟಳು.

"ಹಾಕ್ಬಹುದು ರೀ. ಆದ್ರೆ ಆಮೇಲೆ ಈ ದಾಖಲೆನ ಯಾರು ನಂಬ್ತಾರೆ?"

ನನಗೂ ಹಾಗೇ ಅನ್ನಿಸಿತು.